ಕಾಲ್ಬುಡದ ಸುಣ್ಣದ ಚೀಲ

ಹೊಗೆ ಕಂಡರೆ ನೀರು ಹಾಕಬೇಕು. ಅಷ್ಟು ಬುದ್ಧಿ ನನಗಿದೆ. ಕಳೆದ ಭಾನುವಾರ ಅದೇ ಬುದ್ಧಿ ನನ್ನ ಮಗಳ ಕಣ್ಣು ತೆಗೆಯುವುದರಲ್ಲಿತ್ತು!

ಮನೆಗೆ ಸುಣ್ಣ ಬಳಿಯಬೇಕಿತ್ತು. ಪೇಂಟ್ ಬೇಡ, ಚಿಪ್ಪಿನ ಸುಣ್ಣವೇ ಆಗಬೇಕು ಎಂಬುದು ನನ್ನ ಹಟ. ಬಸ್ರೂರು ಕಡೆಯ ಸುಣ್ಣದ ಭಟ್ಟಿಗೆ ಹೋಗಿ, ಹೊಳೆಯ ಚಿಪ್ಪು ಸುಟ್ಟು ತೆಗೆದ, ಇನ್ನೂ ನೀರು ಕಾಣದ ಸುಣ್ಣ ಒಂದು ಚೀಲ ಕೊಂಡೆ. ಸ್ಕೂಟರಿನ ಮುಂದೆ ಚೀಲ, ಅದಕ್ಕೆ ಒತ್ತಿಕೊಂಡು ನಿಂತ ಐದು ವರ್ಷದ ಮಗಳು. (ನಮ್ಮೂರಿನಲ್ಲಿ ಸ್ಕೂಟರಿನ ಮುಂದೆ ಹಿಡಿಸದ ವಸ್ತುವೇ ಇಲ್ಲ.) ಅರ್ಧ ದಾರಿಗೆ ಮಳೆ ಹನಿಯಿತು.

“ಅಪ್ಪಯ್ಯಾ, ಕಾಲ್ ಬಿಸಿ ಆತ್ತ್.”

“ಇಂಜಿನ್ ಬಿಸಿ ಮಗಾ, ಸುಮ್ನೆ ನಿಲ್ಲ್.”

ಎರಡನೇ ಸಲ ಅತ್ತೇಬಿಟ್ಟಳು. ನಿಲ್ಲಿಸಿ ನೋಡಿದರೆ ಚೀಲದಿಂದ ಹೊಗೆ! ಗಡಿಬಿಡಿಯಲ್ಲಿ ನೀರಿನ ಬಾಟಲಿ ತೆಗೆದು ಚೀಲದ ಬಾಯಿಗೆ ಬಗ್ಗಿಸಲು ಹೋದೆ.

“ಹ್ವಾಯ್! ನೀರ್ ಹಾಕ್ಬೇಡಿ! ಮಗಿನ್ ಕಣ್ಣಿಗ್ ಹಾರತ್ತ್!”

ಕೂಗಿದ್ದು ರಸ್ತೆ ಬದಿ ಕೊಡೆಯಡಿ ಬಂಗುಡೆ ಮೀನು ಮಾರುತ್ತಿದ್ದ ಹೆಂಗಸು. ಓಡಿ ಬಂದವರೇ ನನ್ನ ಕೈ ತಳ್ಳಿ, ಮಗಳನ್ನು ಎತ್ತಿ ದೂರ ಕೂರಿಸಿದರು. ಕಾಲಿಗಂಟಿದ ಪುಡಿಯನ್ನು ಒಣ ಬಟ್ಟೆಯಲ್ಲಿ ಕೊಡವಿ, ಆಮೇಲೆ ಧಾರಾಳ ನೀರು ಸುರಿದರು. ಕಾಲು ಕೆಂಪಾಗಿತ್ತು, ಅಷ್ಟೇ. ಅವರ ಅಮ್ಮ ಭಟ್ಟಿಯಲ್ಲಿ ದುಡಿಯುತ್ತಿದ್ದರಂತೆ. ಸಿಡಿದ ಸುಣ್ಣಕ್ಕೆ ಒಂದು ಕಣ್ಣು ಹೋಗಿತ್ತಂತೆ.

ಚಿಪ್ಪು ಒಡೆದರೆ ಚಿಪ್ಪಿನದೇ ಚೂರು, ಭೌತಿಕ ಬದಲಾವಣೆ. ಸುಟ್ಟರೆ ಅದು ಚಿಪ್ಪೇ ಅಲ್ಲ, ರಾಸಾಯನಿಕ ಬದಲಾವಣೆ. ಅದಕ್ಕೆ ನೀರು ತಾಗಿದರೆ ಇನ್ನೊಂದು ಬದಲಾವಣೆ, ಕುದಿಯುವಷ್ಟು ಶಾಖ. ನಾನು ಹೊಗೆ ಎಂದುಕೊಂಡದ್ದು ಮಳೆಹನಿ ಎಬ್ಬಿಸಿದ ಹಬೆ. ಇದನ್ನು ಹನ್ನೆರಡು ವರ್ಷದಿಂದ ಹೈಸ್ಕೂಲಿನ ಬೋರ್ಡಿನ ಮೇಲೆ ಬರೆಯುತ್ತಿರುವುದು ಯಾರು? ನಾನೇ! ಸಮೀಕರಣ ತಪ್ಪಿದ ಮಕ್ಕಳ ಕಿವಿ ಹಿಂಡುವವನೂ ನಾನೇ.

“ನೀವ್ ಎಂತ ಕೆಲ್ಸ ಮಾಡುದ್?” ಎಂದು ಆ ಹೆಂಗಸು ಕೇಳಿದರು.

“ಕನ್ನಡ ಮಾಷ್ಟ್ರು” ಎಂದೆ. (ಮಾನ ಉಳಿಯಬೇಕಲ್ಲ!)

“ಹಾಂಗಾರೆ ಅಡ್ಡಿಲ್ಲೆ. ನಿಮ್ಗೆ ಇದೆಲ್ಲ ಗೊತ್ತಾಪ್ದ್ ಹ್ಯಾಂಗೆ?” ಎಂದು ನಕ್ಕು, ಮೀನಿನ ಬುಟ್ಟಿಯತ್ತ ಹೋದರು.

ಸಂಜೆ ಮಗಳು ಅಂಗಳದಲ್ಲಿ ಕುಣಿಯುತ್ತಿದ್ದಳು. ಆ ಎರಡು ಕಣ್ಣು ನೋಡಿ ನನ್ನ ಕಣ್ಣು ತುಂಬಿತು. ಅವನ್ನು ಉಳಿಸಿದವರ ಹೆಸರನ್ನೂ ಕೇಳಿರಲಿಲ್ಲ. ನಾಚಿಕೆಯಲ್ಲಿ ಬಾಯಿ ತುಂಬ ಒಂದು ಥ್ಯಾಂಕ್ಸ್ ಕೂಡ ಹೇಳಿರಲಿಲ್ಲ. ಅವರ ಋಣ ದೊಡ್ಡದು. ಅದಕ್ಕೇ ಸುಳ್ಳನ್ನು ಇಲ್ಲೇ, ನಿಮ್ಮೆಲ್ಲರೆದುರೇ ಒಪ್ಪಿಕೊಳ್ಳುತ್ತಿದ್ದೇನೆ.

ಅಕ್ಕಾ, ನಾನು ಕೆಮಿಸ್ಟ್ರಿ ಮಾಷ್ಟ್ರು. ಒಂದಿನ ನನ್ನ ಕ್ಲಾಸಿಗೆ ಬಂದ್ ಸುಣ್ಣದ ಪಾಠ ಮಾಡ್ತ್ರಿಯಾ?