ಗೊಬ್ಬರಕ್ಕೆ ನೀರು: ಒಂದು ಬಾಯಿಮಾತಿನ ಕರಾರು

1989ರ ಬೇಸಿಗೆ. ನಾನಾಗ ಅಥಣಿಯಲ್ಲಿ ವಕೀಲ. ಬೆಳಿಗ್ಗೆ ಬಿ.ಕಾಂ. ಹುಡುಗರಿಗೆ ಕಾಂಟ್ರ್ಯಾಕ್ಟ್ ಆ್ಯಕ್ಟ್ ಪಾಠ ಹೇಳಿ, ಹನ್ನೊಂದರ ಹೊತ್ತಿಗೆ ಕರಿ ಕೋಟು ಏರಿಸಿಕೊಂಡು ಕೋರ್ಟಿಗೆ ಓಡುತ್ತಿದ್ದೆ.

ಒಂದು ಮಧ್ಯಾಹ್ನ ಮುಗಳಖೋಡ ಕಡೆಯ ಕುರಿಗಾರರಾದ ಲಗಮಪ್ಪ ಮತ್ತು ಭೀಮವ್ವ ಎಂಬ ಗಂಡಹೆಂಡತಿ ಬಂದರು. ನಮ್ಮ ಕಡೆ ರೈತರು ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ರಾತ್ರಿಯಿಡೀ ಬೀಳುವ ಹಿಕ್ಕೆಗಿಂತ ಒಳ್ಳೆಯ ಗೊಬ್ಬರವಿಲ್ಲ. ಕಾಗವಾಡ ರಸ್ತೆಯ ದ್ರಾಕ್ಷಿ ಬೆಳೆಗಾರ ಅಪ್ಪಾಸಾಹೇಬರು ಕಬ್ಬು ನೆಡಲಿದ್ದ ಹೊಲದಲ್ಲಿ ಇವರ ಕುರಿ ನಿಲ್ಲಿಸಿಕೊಂಡಿದ್ದರು. ಬದಲಿಗೆ, ಮಳೆಗಾಲದವರೆಗೆ ತಮ್ಮ ಬಾವಿಯಿಂದ ಕುರಿಗಳಿಗೆ ನೀರು ಕೊಡುವುದಾಗಿ ಮಾತು ಕೊಟ್ಟಿದ್ದರು. ಹೊಲಕ್ಕೆಲ್ಲ ಗೊಬ್ಬರ ಬಿದ್ದ ಮೇಲೆ, ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬಂತೆ, ನೀರು ಬಂದ್ ಮಾಡಿದ್ದರು.

“ಕುರಿಗೋಳ ಹಾಲು ಬತ್ತಾಕತ್ತೈತ್ರಿ. ಮರಿ ಕಣ್ಣ ಮುಂದನ ಸಾಯತಾವು” ಎಂದಳು ಭೀಮವ್ವ.

ದಾವೆ ಹೂಡಬಹುದಿತ್ತು. ಆದರೆ ಕೋರ್ಟಿನ ತಾರೀಖಿನವರೆಗೆ ಬಾಯಾರಿದ ಮರಿ ಕಾಯುತ್ತದೆಯೇ? ನನಗೆ ಸಿಟ್ಟು ನೆತ್ತಿಗೇರಿತ್ತು. ಅವರನ್ನು ಕರೆದುಕೊಂಡು ಸಿಕ್ಕ ಬಸ್ಸು ಹತ್ತಿ ನೇರ ತೋಟಕ್ಕೇ ಹೋದೆ.

ಅಪ್ಪಾಸಾಹೇಬರು ಕುರ್ಚಿ ಹಾಕಿಸಿ ಚಹಾ ತರಿಸಿದರು. ಮರ್ಯಾದೆಗೇನೂ ಕೊರತೆಯಿರಲಿಲ್ಲ. “ಕಾಗದ ಎಲ್ಲೈತ್ರಿ ವಕೀಲ್ರ? ಒಂದ ರೂಪಾಯರ ಕೊಟ್ಟಾರೇನು ಇವರು?” ಎಂದರು.

ಕ್ಲಾಸಿನ ಪಾಠ ಅಲ್ಲೇ ಶುರು ಮಾಡಿದೆ. ಒಬ್ಬರು ಪ್ರಸ್ತಾವ ಇಟ್ಟು ಇನ್ನೊಬ್ಬರು ಒಪ್ಪಿದರೆ, ಇಂಥ ವ್ಯವಹಾರದಲ್ಲಿ ಬಾಯಿಮಾತೂ ಕರಾರೇ. ಕೊಟ್ಟದ್ದಕ್ಕೆ ಬದಲಾಗಿ ಪಡೆಯುವುದು ಪ್ರತಿಫಲ. ಅದು ರೊಕ್ಕವೇ ಆಗಬೇಕೆಂದಿಲ್ಲ. ನಿಮಗೆ ಗೊಬ್ಬರ, ಅವರಿಗೆ ನೀರು. ಅವರ ಪಾಲಿನ ಕೆಲಸ ಮುಗಿದಿದೆ, ನಿಮ್ಮದು ಬಾಕಿ ಇದೆ ಎಂದೆ.

ಅಪ್ಪಾಸಾಹೇಬರು ಕೆರಳಿದರು. “ಹಂಗಿದ್ರ ನಿಮ್ಮ ಹಿಕ್ಕಿ ನೀವು ಬಳಕೊಂಡು ಹೋಗ್ರಿ!”

ನಾನು ಮತ್ತೆ ಕಾನೂನು ಹೇಳುವಷ್ಟರಲ್ಲಿ ಭೀಮವ್ವ ಸೆರಗು ಸರಿಮಾಡಿಕೊಂಡು, “ಹಿಕ್ಕಿ ಬಳಕೊಂಡು ಹೋಗ್ತೀವ್ರಿ ಸಾವಕಾರ್ರ. ಉಚ್ಚಿ ಹೆಂಗ ಬಳೀಲಿ?” ಎಂದಳು.

ಆಳುಗಳು ಕಿಸಕ್ಕೆಂದರು. ಮುಖ ಬಿಗಿದುಕೊಂಡಿದ್ದ ಸಾಹೇಬರೂ ಹೊಟ್ಟೆ ಕುಣಿಯುವಂತೆ ನಕ್ಕರು. ನಗು ನಿಂತಾಗ ಒಳಗಿನ ಅಂಜಿಕೆ ಹೊರಬಿತ್ತು.

“ಬಾವ್ಯಾಗ ನೀರು ಇಳದೈತಿ, ತಂಗಿ. ಬಳ್ಳಿ ಒಣಗಿದ್ರ ನಾ ಏನ್ ಮಾಡ್ಲಿ?”

ಎಲ್ಲರೂ ಬಾವಿಗೆ ಹೋಗಿ ಬಗ್ಗಿ ನೋಡಿದೆವು. ನೀರು ಇಳಿದಿದ್ದು ನಿಜ, ಆದರೆ ಇತ್ತು. ದಿನಾ ಮೊದಲು ಕುರಿ ಕುಡಿಯಲಿ, ಆಮೇಲೆ ಬಳ್ಳಿಗೆ ಮೋಟರು ಎಂದು ಸಾಹೇಬರೇ ಹೇಳಿದರು. ಅವತ್ತೇ ಬಾವಿ ಪಕ್ಕದ, ದನಕರು ನೀರು ಕುಡಿಯುವ ಕಲ್ಲಿನ ದೋಣಿ ತುಂಬಿತು. ಕುರಿಗಳು ಒಂದರ ಮೇಲೊಂದು ಬಿದ್ದು ಕುಡಿದವು.

ಇದನ್ನಾದರೂ ಬರೆದಿಡೋಣವೆಂದು ನಾನು ಕಾಗದ ತೆಗೆದೆ.

“ಬರೀರಿ, ಬ್ಯಾಡ ಅನ್ನೂದಿಲ್ಲ. ಆದ್ರ ಬಾವಿ ಪೂರಾ ಬತ್ತಿದ್ರ ಯಾರೇನು ಮಾಡೂದು? ಅದನ್ನ ಈಗ, ನಗನಗತಾ ಇದ್ದಾಗ ಮಾತಾಡೂಣು” ಎಂದಳು ಭೀಮವ್ವ.

ಮಾತಾಡಿದೆವು. ನೀರು ತೀರುವ ಲಕ್ಷಣ ಕಂಡರೆ ಸಾಹೇಬರು ಮುಂಚಿತವಾಗಿ ಹೇಳಬೇಕು, ಪಕ್ಕದ ತೋಟದಲ್ಲಿ ನೀರು ಗೊತ್ತುಮಾಡಿಕೊಡಬೇಕು ಎಂದಾಯಿತು. ಆ ಪ್ರಸಂಗ ಬರಲೇ ಇಲ್ಲ. ಮರಿಗಳು ಉಳಿದವು.

ಅಂದಿನಿಂದ, ಕರಾರು ಬರೆಸಲು ಬಂದವರಿಗೆ ನಾನು ಮೊದಲು ಕೇಳುತ್ತಿದ್ದುದು ಒಂದೇ: ಕೆಟ್ಟ ದಿನ ಬಂದರೆ ಏನು ಮಾಡುತ್ತೀರಿ? ಸಿಟ್ಟಿಲ್ಲದಾಗ ಅದನ್ನು ಮಾತಾಡಿಕೊಂಡವರು ಜಗಳ ಹೊತ್ತುಕೊಂಡು ನನ್ನ ಹತ್ತಿರ ಮರಳಿ ಬಂದದ್ದು ಕಡಿಮೆ. ವಕೀಲನ ಹೊಟ್ಟೆಪಾಡಿಗೆ ಅದು ನಷ್ಟವೇ. ಆದರೂ ಭೀಮವ್ವನಿಗೆ ನಾನು ಋಣಿ.