ದೂರದಿಂದ ನೋಡಿದ ಪಿನ್ನು

ನಮ್ಮ ಯಜಮಾನರು ಮಷೀನುಗಳ ಕಂಟ್ರೋಲ್ ಬೋರ್ಡು ರಿಪೇರಿ ಮಾಡುತ್ತಾರೆ. ಆಲ್ಕೊಳದ ನಮ್ಮ ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಅಲ್ಲಿಗೆ ಬರುವ ಪೆಟ್ಟಿಗೆಗಳೊಳಗೆ ಕಾರ್ಡುಗಳು ಕಪಾಟಿನ ಪುಸ್ತಕಗಳ ಹಾಗೆ ಸಾಲಾಗಿ ನಿಂತಿರುತ್ತವೆ. ಅವುಗಳ ಬೆನ್ನಿಗೆ ಒಂದು ದೊಡ್ಡ ಬೋರ್ಡು, ಅದಕ್ಕೆ ಬ್ಯಾಕ್‌ಪ್ಲೇನ್ ಎನ್ನುತ್ತಾರೆ. ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಏನು ಹೋಗಬೇಕಾದರೂ ಅದರ ಮೂಲಕವೇ ಹೋಗಬೇಕು. ಅದರ ಕನೆಕ್ಟರಿನಲ್ಲಿ ಬಾಚಣಿಗೆಯ ಹಲ್ಲಿಗಿಂತ ಸಣ್ಣ ಪಿನ್ನುಗಳಿರುತ್ತವೆ. ಕಾರ್ಡು ಒತ್ತುವ ಮೊದಲು ಎಲ್ಲ ನೆಟ್ಟಗಿವೆಯೇ ನೋಡಿಕೊಳ್ಳಬೇಕು. ಒಂದು ಬಾಗಿ ಪಕ್ಕದ್ದಕ್ಕೆ ತಾಗಿದರೂ ಕಾರ್ಡು ಸುಟ್ಟುಹೋಗಬಹುದು.

ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಬಂದಮೇಲೆ ಈ ನೋಡುವ ಕೆಲಸ ನನ್ನದಾಯಿತು. ಗಿರಾಕಿಗಳಿಗೆ ಅದು ಗೊತ್ತಿರಲಿಲ್ಲ, ಗೊತ್ತಾಗುವುದು ಇವರಿಗೆ ಬೇಕೂ ಇರಲಿಲ್ಲ. ಮುಂದೆ ಯಾರಾದರೂ ಕೂತಿದ್ದರೆ ಕಾಫಿ ಆಯಿತೇ ಎಂದು ಕೇಳುತ್ತಾ ಬೋರ್ಡು ಹಿಡಿದುಕೊಂಡೇ ಅಡುಗೆಮನೆಗೆ ಬರುತ್ತಿದ್ದರು. ನಾನು ಕಿಟಕಿಯ ಬೆಳಕಿನಲ್ಲಿ ನೋಡಿ, ಬಾಗಿದ ಪಿನ್ನಿಗೆ ಇಂಜೆಕ್ಷನ್ ಸೂಜಿಯ ತೂತು ಸಿಕ್ಕಿಸಿ, ಮೆಲ್ಲಗೆ ಎತ್ತಿ ಸರಿಮಾಡಿ ಕೊಡುತ್ತಿದ್ದೆ. ಭದ್ರಾವತಿಯಲ್ಲಿ ಲೇತ್ ಮಷೀನು ಇಟ್ಟಿರುವ, ನಾವು ಭಾಯಿ ಎಂದೇ ಕರೆಯುವ ಗಿರಾಕಿ ಒಮ್ಮೆ, "ಏನಣ್ಣಾ, ನಿಮ್ಮನೇಲಿ ಬೋರ್ಡಿಗೂ ಕಾಫಿ ಕೊಡ್ತಾರಾ?" ಎಂದು ಕೇಳಿದ್ದರು. ಇವರೂ ನಕ್ಕರು, ಒಳಗೆ ನಾನೂ ನಕ್ಕೆ. ಅವರ ಕಣ್ಣು ಮಂಜಾದರೂ ನನ್ನದು ನೆಟ್ಟಗಿದೆ, ಅವರ ಹೆಸರು ಉಳಿದಿದೆ, ದೇವರು ಅಷ್ಟು ಕೊಟ್ಟಿದ್ದಾನೆ ಎಂದುಕೊಂಡಿದ್ದೆ.

ಶ್ರಾವಣದ ಒಂದು ಶುಕ್ರವಾರ ಭಾಯಿ ಮತ್ತೆ ಬಂದರು. ಮಷೀನು ನಿಂತಿದೆ, ಆ ವಾರ ಮಾಲು ಕಳಿಸದಿದ್ದರೆ ಕೆಲಸ ಬೇರೆಯವರ ಪಾಲಾಗುತ್ತದೆ ಎಂದು ಹೇಳುತ್ತಿದ್ದದ್ದು ದೇವರ ಮನೆಗೂ ಕೇಳಿಸುತ್ತಿತ್ತು. ನಾನು ಮಡಿಯಲ್ಲಿದ್ದೆ. ನೈವೇದ್ಯ ಇನ್ನೂ ಆಗಿರಲಿಲ್ಲ. ಇವರು ಬೋರ್ಡು ತಂದು ಹೊಸಿಲ ಆಚೆ ನಿಂತು ದೀಪದ ಕಡೆಗೆ ಹಿಡಿದರು. ಮುಟ್ಟಿದರೆ ಮತ್ತೆ ಸ್ನಾನ ಮಾಡಿ ಮೊದಲಿನಿಂದ ಶುರು ಮಾಡಬೇಕು. ಕೂತಲ್ಲಿಂದಲೇ ಕತ್ತು ಚಾಚಿದೆ. ಪಿನ್ನುಗಳೆಲ್ಲ ಒಂದೇ ಸಮ ಹೊಳೆದಂತೆ ಕಂಡವು.

"ಸರಿ ಇದೆ ರೀ, ಹಾಕಿ" ಎಂದೆ. ದೇವರ ಮುಂದೆ ಕೂತು ಹೇಳುತ್ತಿದ್ದೇನೆ, ತಪ್ಪಾಗಲಾರದು ಎಂಬ ಧೈರ್ಯ.

ಮಂಗಳಾರತಿ ಮುಗಿಯುವಷ್ಟರಲ್ಲಿ ಕರ್ಪೂರದ ಜೊತೆಗೆ ಬೇರೊಂದು ಸುಟ್ಟ ವಾಸನೆ ಬಂತು. ತಟ್ಟೆ ಹಿಡಿದುಕೊಂಡೇ ನಡುಬಾಗಿಲಿಗೆ ಹೋದೆ. ಭಾಯಿ ತಲೆಗೆ ಕೈ ಕೊಟ್ಟು ಕೂತಿದ್ದರು. ಇವರು ಕಾರ್ಡು ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದರು. ಅದರ ಒಂದು ಮೂಲೆ ಕಪ್ಪಾಗಿತ್ತು.

"ನನ್ನ ತಪ್ಪು ಮಾರಾಯ, ಒತ್ತಿದ್ದು ನಾನು" ಎಂದರು ಇವರು.

ಭಾಯಿ ತಲೆಯಿಂದ ಕೈ ತೆಗೆದು ಹೇಳಿದರು, "ಬಿಡಿ ಅಣ್ಣ, ಹಳೇ ಮಷೀನು. ನಿಮ್ಮ ಕಣ್ಣಿಗೆ ಕಾಣದೇ ಇದ್ದದ್ದು ಇನ್ಯಾರಿಗೆ ಕಾಣುತ್ತೆ."

ಆ ಮಾತು ಕೇಳಿಕೊಂಡು ನಿಲ್ಲಲು ನನ್ನಿಂದ ಆಗಲಿಲ್ಲ.

"ಅವರಿಗೆ ಕಣ್ಣು ಸರಿಯಾಗಿ ಕಾಣಲ್ಲ. ಇಷ್ಟು ದಿನ ನೋಡ್ತಿದ್ದದ್ದು ನಾನು. ಇವತ್ತು ಮಡಿ ಅಂತ ದೂರದಿಂದ ನೋಡ್ದೆ."

ಇವರು ಮೇಜಿನ ಮೇಲಿನ ಸ್ಕ್ರೂಗಳನ್ನು ತಡವಿ ತಡವಿ ಡಬ್ಬಿಗೆ ಹಾಕತೊಡಗಿದರು. ಭಾಯಿ ನನ್ನ ಮುಖ ನೋಡಲಿಲ್ಲ. ಪೆಟ್ಟಿಗೆಯನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು, "ಬರ್ತೀನಣ್ಣ" ಎಂದು ಇವರಿಗೆ ಮಾತ್ರ ಹೇಳಿ ಹೋದರು.

ಊಟಕ್ಕೆ ಕೂತಾಗ ಇವರು ತಟ್ಟೆಯಿಂದ ತಲೆ ಎತ್ತದೆ ಹೇಳಿದರು. "ತಪ್ಪು ನಂದು ಅಂತ ಹೇಳಿದ್ದೆ, ಅಲ್ಲಿಗೆ ಮುಗಿದಿತ್ತು. ನಿನ್ನ ಮನಸ್ಸು ಹಗುರ ಆಗ್ಲಿ ಅಂತ ನನ್ನ ಕಣ್ಣಿನ ವಿಷಯ ಯಾಕೆ ತೆಗೆದೆ?"

ಸಾರು ಬಡಿಸುತ್ತಿದ್ದವಳು ಅಲ್ಲೇ ನಿಂತೆ. ಸುಳ್ಳು ಹೇಳಬಾರದು ಎಂದೇ ನಾನು ಬಾಯಿಬಿಟ್ಟದ್ದು. ಆದರೆ ಹೇಳಿದ ಕ್ಷಣ ಎದೆಯ ಭಾರ ಇಳಿದದ್ದೂ ನಿಜ. ಅದನ್ನು ಅವರ ತಲೆಯ ಮೇಲೆ ಇಳಿಸಿದೆ ಎಂಬುದು ಆಗ ಹೊಳೆದಿರಲಿಲ್ಲ.

ಭಾಯಿಗೆ ಆ ಕೆಲಸ ಕೈತಪ್ಪಿತು. ಇನ್ನು ನಮ್ಮ ಕಡೆ ಬರಲಾರರು ಎಂದುಕೊಂಡಿದ್ದೆವು, ಬಂದರು. ಅದೇ ಪೆಟ್ಟಿಗೆಯನ್ನು ಮೇಜಿನ ಮೇಲೆ ಇಳಿಸಿದರು. ಎಲ್ಲೋ ಹಳೇ ಮಷೀನಿನಿಂದ ತೆಗೆಸಿದ ಅಂಥದೇ ಕಾರ್ಡು ಕೈಯಲ್ಲಿತ್ತು. ಅದನ್ನು ನಮ್ಮಿಬ್ಬರಲ್ಲಿ ಯಾರಿಗೆ ಕೊಡಬೇಕೆಂದು ತಿಳಿಯದೆ ಕೋಣೆಯ ಮಧ್ಯೆ ನಿಂತುಬಿಟ್ಟರು. ಇವರೇ ಕೈ ಚಾಚಿ ಇಸಿದುಕೊಂಡರು. ಆಮೇಲೆ ತಮ್ಮ ಸ್ಟೂಲನ್ನು ನನ್ನ ಕಡೆ ಎಳೆದು, ಟಾರ್ಚು ಹಚ್ಚಿ, ಪೆಟ್ಟಿಗೆಯ ಮೇಲೆ ಬೆಳಕು ಬಿಟ್ಟರು.

"ಕೂತ್ಕೋ. ಏನು ಕಾಣ್ತಿದೆ ಹೇಳು. ಭಾಯಿಗೂ ಕೇಳೋ ಹಾಗೆ ಹೇಳು."

ಒಂದೊಂದೇ ಸಾಲು ನೋಡಿ ಜೋರಾಗಿ ಹೇಳುತ್ತಾ ಹೋದೆ. ಬಾಗಿದ್ದನ್ನು ಎತ್ತಿದೆ. ಕಾರ್ಡು ಸರಿಯಾಗಿ ಕೂತಿತು, ದೀಪಗಳು ಹತ್ತಿದವು. ಈಗ ಗಿರಾಕಿಗಳ ಎದುರೇ ಕೂತು ನೋಡುತ್ತೇನೆ, ಅಡ್ಡಿಯಿಲ್ಲ.

ಪೂಜೆಗೆ ಕೂತು ದೇವರು ಕೊಟ್ಟದ್ದನ್ನೆಲ್ಲ ನೆನೆಯುವಾಗ ಆ ಸ್ಟೂಲೂ ಬಾಯಿಗೆ ಬರುತ್ತದೆ. ಅವರನ್ನು ಒಂದು ಮಾತು ಕೇಳದೆ, ಅವರ ಕಣ್ಣಿನ ವಿಷಯ ಹೊರಗೆ ಹಾಕಿ ನಾನಾಗಿ ಕಸಿದುಕೊಂಡದ್ದನ್ನು ದೇವರು ಕೊಟ್ಟ ಎಂದು ಹೇಗೆ ಹೇಳಲಿ? ಅಲ್ಲಿಗೆ ಬಂದಾಗ ಸುಮ್ಮನೆ ಮುಂದಿನದಕ್ಕೆ ಹೋಗುತ್ತೇನೆ.