ಫುಲ್ ಸ್ಪೀಡಿಗೆ ಸುಡುತ್ತಿದ್ದ ಮಾಸ್‌ಫೆಟ್

ಕಳೆದ ವರ್ಷ ನಾನು ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಿಗೆ ಒಂದು ಬ್ಯಾಟರಿ ಸ್ಕೂಟರ್ ಕಂಪನಿಯ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಅದರ ಹಿಂದೆಯೇ ಬೈಗುಳವೂ ಬಂದುಬಿಡುತ್ತದೆ.

ಅಂಜನಾಪುರದ ಅಂಗನವಾಡಿ ಟೀಚರ್ ಗಿರಿಜಕ್ಕನ ಬಳಿ ನಮ್ಮ ಮೂರು ಚಕ್ರದ ಗಾಡಿಯಿತ್ತು. ಪೋಲಿಯೊದಿಂದ ಆಕೆಯ ಎಡಗಾಲಿನಲ್ಲಿ ಬಲವಿಲ್ಲ. ಪಕ್ಕದ ಊರಿನ ಮನೆಯಿಂದ ಕೆಲಸಕ್ಕೆ ಹೋಗಲು ಗಾಡಿಯೇ ಗತಿ. ಅದು ಪದೇ ಪದೇ ನಡುರಸ್ತೆಯಲ್ಲಿ ನಿಂತುಬಿಡುತ್ತಿತ್ತು. ಕೊನೆಯ ಸಲ ಹಿಂದೆ ಲೋಡು ತುಂಬಿದ ಟ್ರ್ಯಾಕ್ಟರ್ ಬರುತ್ತಿತ್ತು. ಡ್ರೈವರ್ ಬ್ರೇಕ್ ಒತ್ತಿದ್ದಕ್ಕೆ ಆಕೆಯ ಜೀವ ಉಳಿಯಿತು. ಅವತ್ತೇ ಅಣ್ಣ ಬಸವರಾಜಪ್ಪ, "ನಿನಗ ಗಾಡಿ ಓಡ್ಸಾಕ ಬರಂಗಿಲ್ಲ. ಕೆಲ್ಸ ಬಿಟ್ಟು ಮನ್ಯಾಗಿರು" ಎಂದು ಗಾಡಿಯ ಕೀ ಕಸಿದುಕೊಂಡ.

ಪ್ರತಿ ಸಲವೂ ಸುಟ್ಟಿದ್ದು ಒಂದೇ ಭಾಗ: ಬ್ಯಾಟರಿಯಿಂದ ಮೋಟರಿಗೆ ಕರೆಂಟ್ ಬಿಡುವ ಮೇಲಿನ ಸ್ವಿಚ್ಚು, ಅಂದರೆ ಹೈ-ಸೈಡ್ ಮಾಸ್‌ಫೆಟ್. ಮ್ಯಾನೇಜರಿಗೆ ಫೋನ್ ಮಾಡಿದೆ.

"ಹೆಂಗಸರು ಓಡಿಸಿದ್ರೆ ಹಿಂಗೇ ರೀ. ಯೂಸರ್ ಮಿಸ್ಟೇಕ್ ಅಂತ ಬರೆದು ಮುಗಿಸಿ."

ಮೈಯೆಲ್ಲ ಉರಿದುಹೋಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಗಾಡಿಯ ಸರ್ಕ್ಯೂಟ್ ಬೋರ್ಡ್ ಮಾಡಲು ಬಾರದವರು ಓಡಿಸುವವಳ ಮೇಲೆ ತಪ್ಪು ಹೊರಿಸುತ್ತಿದ್ದರು.

ಆ ಮೇಲಿನ ಮಾಸ್‌ಫೆಟ್ ಪೂರ್ತಿ ತೆರೆಯಬೇಕಾದರೆ ಅದನ್ನು ತೆರೆಸುವ ಗೇಟ್ ಎಂಬ ತುದಿಗೆ ಬ್ಯಾಟರಿಗಿಂತ ಹೆಚ್ಚಿನ ವೋಲ್ಟೇಜ್ ಬೇಕು. ಅದನ್ನು ಕೊಡುವುದು ಬೂಟ್‌ಸ್ಟ್ರ್ಯಾಪ್ ಕೆಪಾಸಿಟರ್ ಎಂಬ ಪುಟ್ಟ ಸಂಗ್ರಹ. ಅದರ ಜೋಡಿಯಾದ ಕೆಳಗಿನ ಮಾಸ್‌ಫೆಟ್ ಆನ್ ಆದ ಕ್ಷಣದಲ್ಲಿ ಮಾತ್ರ ಅದು ತುಂಬಿಕೊಳ್ಳುತ್ತದೆ. ಆದ್ದರಿಂದ ಮೇಲಿನದನ್ನು ನೂರಕ್ಕೆ ನೂರು ಆನ್ ಇಡುವಂತಿಲ್ಲ. ಇಟ್ಟರೆ ಕೆಪಾಸಿಟರ್ ಬರಿದಾಗಿ ಮಾಸ್‌ಫೆಟ್ ಅರೆಬರೆ ತೆರೆದು, ಕಾದು ಸುಡುತ್ತದೆ. ಎಲೆಕ್ಟ್ರಾನಿಕ್ಸ್ ಓದಿದವರೆಲ್ಲರೂ ಓದಿರುವ ಪಾಠವಿದು. ಆದರೂ "ಫುಲ್ ಸ್ಪೀಡ್" ಎಂದು ಜಾಹೀರಾತು ಹಾಕಿಕೊಳ್ಳಲು ಪ್ರೋಗ್ರಾಮಿನಲ್ಲಿ ನೂರಕ್ಕೆ ನೂರು ಎಂದೇ ಬರೆದಿದ್ದರು.

ಗಾಡಿಯ ವೇಗ ನಿಧಾನವಾಗಿ ಏರುತ್ತಿತ್ತು. ಕಂಪನಿಯ ಅಂಗಳದಲ್ಲಿ ಪರೀಕ್ಷೆ ಮಾಡುವವರು ಸ್ವಿಚ್ಚು ಆ ನೂರು ಮುಟ್ಟುವ ಮೊದಲೇ ತಿರುವಿನಲ್ಲಿ ಆಕ್ಸಿಲರೇಟರ್ ಬಿಡುತ್ತಿದ್ದರು. ಗಿರಿಜಕ್ಕನದು ಅಂಜನಾಪುರ ಜಲಾಶಯದ ಪಕ್ಕದ ಉದ್ದನೆಯ ನೇರ ರಸ್ತೆ. ಹಾಜರಿಗೆ ಹೊತ್ತಾಯಿತೆಂದು ಆಕೆ ಪೂರ್ತಿ ತಿರುಗಿಸಿಯೇ ಹೋಗುತ್ತಿದ್ದಳು.

ಮ್ಯಾನೇಜರಿಗೆ ಇದನ್ನೆಲ್ಲ ಹೇಳಿದೆ. "ತೊಂಬತ್ತೈದಕ್ಕೆ ಇಳಿಸಿಬಿಡಿ. ವರದಿಯಲ್ಲಿ ಕಾರಣ ಮಾತ್ರ ಬದಲಾಯಿಸಬೇಡಿ" ಎಂದ. ಎಲಾ ಇವನ! ನಾಚಿಕೆ ಅನ್ನುವುದು ಬೇಡವೇ?

ಗಿರಿಜಕ್ಕನಿಗೆ ಗಾಡಿ ಸರಿಮಾಡುತ್ತೇನೆ ಎಂದೆ.

"ಗಾಡಿ ಸರಿಯಾದ್ರ ಸಾಲಂಗಿಲ್ಲ ಸರ್. ತಪ್ಪು ನಂದಲ್ಲ ಅಂತ ನಮ್ಮಣ್ಣಗ ಹೇಳ್ರಿ. ಇಲ್ಲಾಂದ್ರ ಅಂವ ಬಿಡಂಗಿಲ್ಲ."

ಅವರ ಮನೆಯಂಗಳಕ್ಕೆ ಹೋದೆ. ಸುಟ್ಟ ಮಾಸ್‌ಫೆಟ್ ತೆಗೆದು ಹೊಸದು ಹಾಕಿದೆ. ಪ್ರೋಗ್ರಾಂ ಬದಲಿಸುವ ಮೊದಲು ಹಿಂದಿನ ಚಕ್ರಗಳನ್ನು ಮೇಲೆತ್ತಿ ನಿಲ್ಲಿಸಿ, ಗೇಟಿಗೆ ಮೀಟರ್ ಹಚ್ಚಿದೆ. ಭಾರವಿಲ್ಲದೆ ತಿರುಗುವಾಗ ಸುಡುವ ಭಯವಿರಲಿಲ್ಲ. ಬಸವರಾಜಪ್ಪನನ್ನು ಕರೆದು, "ನೀವೇ ಫುಲ್ ತಿರುಗಿಸಿ ಹಿಡ್ಕೊಳ್ರಿ" ಎಂದೆ. ಬ್ಯಾಟರಿಗಿಂತ ಹನ್ನೆರಡು ವೋಲ್ಟ್ ಹೆಚ್ಚಿದೆಯೆಂದು ತೋರಿಸುತ್ತಿದ್ದ ಮೀಟರ್ ನೋಡನೋಡುತ್ತಲೇ ಐದಕ್ಕೆ ಬಿತ್ತು.

"ಇಷ್ಟಕ್ಕೆ ಬಿದ್ರೆ ರಸ್ತೇಲಿ ಸುಡುತ್ತೆ. ಈಗ ಓಡಿಸ್ತಿರೋರು ಯಾರ್ರೀ?" ಎಂದು ಕೇಳಿದೆ. ನನ್ನ ದನಿಯೂ ಏರಿತ್ತು.

"ನಾ ಹಿಡಿದ್ರೂ ಬಿತ್ತಲ್ರೀ!"

ಗಿರಿಜಕ್ಕ ಬಾಗಿಲಲ್ಲೇ ನಿಂತಿದ್ದಳು. "ಇಷ್ಟು ದಿನ ನನ್ನ ಬೈದ್ಯಲ್ಲಣ್ಣ, ಈಗ ಯಾರನ್ನ ಬೈತಿ?"

ಆತ ಗಾಡಿಯಲ್ಲಿದ್ದ ಕೀ ತೆಗೆದು ತಂಗಿಯ ಕೈಗಿಟ್ಟ. ನಾನು ಅಲ್ಲೇ ಪ್ರೋಗ್ರಾಮಿನ ನೂರನ್ನು ತೊಂಬತ್ತೈದಕ್ಕೆ ಇಳಿಸಿದೆ. ಆಮೇಲೆ ಆ ಬೋರ್ಡ್ ಸುಡಲಿಲ್ಲ.

ವರದಿಯಲ್ಲಿ "ವಿನ್ಯಾಸದ ತಪ್ಪು" ಎಂದೇ ಬರೆದೆ. ಕಂಪನಿ ನನ್ನನ್ನು ಕೈಬಿಟ್ಟಿತು. ಬಿಡಲಿ, ಪೀಡೆ ತೊಲಗಿತು. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟೇ: ಬಳಸುವವರ ತಪ್ಪು ಎನ್ನುವ ಮೊದಲು ಅವರ ದಾರಿಯಲ್ಲಿ ಅವರಂತೆಯೇ ಓಡಿಸಿ ನೋಡಬೇಕು. ನಾವು ಆಫೀಸಿನಲ್ಲಿ ಕೂತು ಗೀಚುವ ಎರಡು ಪದಕ್ಕೆ ಎಲ್ಲೋ ಒಬ್ಬ ಹೆಣ್ಣುಮಗಳು ಕೆಲಸ ಬಿಟ್ಟು ಮನೆಯಲ್ಲಿ ಕೂರಬೇಕಾಗುತ್ತದೆ.